ಒಬುರಾನ ನೀಲಿ ಚುಕ್ಕಿ

ಒಬುರಾನನ್ನು ಮೀನುಗಾರ ಎಂದು ಕರೆಯುವುದು ಅವನ ಬಳಿ ದೋಣಿಯಿದೆ ಎಂಬ ಒಂದೇ ಕಾರಣಕ್ಕೆ. ಎಂಬಿಟಾದ ಸರೋವರ ದಡದಲ್ಲಿರುವ ನಮ್ಮೂರಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಬಲೆ ಎಳೆಯಲು ಹೊರಡುವವನು ಅವನೊಬ್ಬನೇ. ನಮ್ಮಿಬ್ಬರ ಅಂಗಳಗಳ ನಡುವೆ ಇರುವುದು ಒಂದು ಕಳ್ಳಿ ಬೇಲಿ. ಅವನ ಮನೆಯ ಮಾತೆಲ್ಲ ನನಗೆ ಕೇಳುತ್ತದೆ. ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ನನಗಿಲ್ಲ.

ಹೆಂಡತಿ ಅಜ್ವಾಂಗ್ ಅನುಮಾನಪಟ್ಟಾಗ ಅವನೇ ಅವಳ ಫೋನಿನಲ್ಲಿ ತಾನಿರುವ ಜಾಗ ತೋರಿಸುವ ನಕ್ಷೆ ಹಾಕಿಕೊಟ್ಟ.

"ನಾನೆಲ್ಲಿರ್ತೀನೋ ಈ ನೀಲಿ ಚುಕ್ಕಿ ಅಲ್ಲಿರುತ್ತೆ. ನಾನು ಸುಳ್ಳು ಹೇಳಿದ್ರೂ ಇದು ಹೇಳಲ್ಲ ಕಣೆ."

ಆ ಸಲ ಮೀನಿಗೆಂದು ಹೋದವನ ಚುಕ್ಕಿ ಸರೋವರದ ನಡುವೆ ನಿಂತುಬಿಟ್ಟಿತು. ಮಾರನೆಯ ದಿನವೂ ಅಲ್ಲೇ, ಅದರ ಮಾರನೆಯ ದಿನವೂ ಕದಲಲಿಲ್ಲ. ಕರೆ ಮಾಡಿದರೆ ರಿಂಗಾಗುತ್ತಿತ್ತು, ಎತ್ತುವವರಿಲ್ಲ.

ಅವನ ತಮ್ಮ ರಾಬುರು ಅಳುತ್ತಲೇ ಓಡಿಬಂದ. ನಮ್ಮಲ್ಲಿ ಅಣ್ಣ ಸತ್ತರೆ ಅತ್ತಿಗೆ, ದೋಣಿ ಎರಡೂ ತಮ್ಮನ ಪಾಲು. ಧ್ವನಿ ಜೋರಾಗಿತ್ತು, ಕಣ್ಣು ಒಣಗಿತ್ತು.

"ಮುಳುಗಿದವನ ಫೋನು ಹೇಗಯ್ಯಾ ರಿಂಗಾಗುತ್ತೆ?" ಎಂದೆ.

"ಅಜ್ಜಿ, ಅದು ನೀರು ತಡ್ಕೊಳ್ಳೋ ಫೋನು. ಮನುಷ್ಯ ತಡ್ಕೋತಾನಾ?"

ಹೆಣ ಸಿಗದಿದ್ದರೆ ಅದರ ಬದಲು ಯಾಗೋ ಮರದ ಕಾಯಿ ಹೂಳುವುದು ನಮ್ಮವರ ಪದ್ಧತಿ. ತೋಳಿನಷ್ಟು ಉದ್ದದ ಕಾಯಿಯನ್ನು ಬಟ್ಟೆಯಲ್ಲಿ ಸುತ್ತಿ ತಂದರು, ಒಬುರಾನ ಅಂಗಳದಲ್ಲೇ ಗುಂಡಿ ತೋಡಿದರು. ಅದು ಮಣ್ಣು ಸೇರಿದರೆ ಮುಗಿಯಿತು: ಆಮೇಲೆ ಒಬುರಾ ಎದುರಿಗೆ ಬಂದು ನಿಂತರೂ ಸತ್ತವನೇ, ಆ ಮನೆಗೆ ಕಾಲಿಡುವಂತಿಲ್ಲ.

ರಾಬುರು ಕಾಯಿ ಇಳಿಸಲು ಬಗ್ಗಿದ್ದ. ಅಷ್ಟರಲ್ಲಿ, ಎದುರಿನ ದ್ವೀಪದಲ್ಲಿ ತನ್ನ ಸಾವಿನ ಸುದ್ದಿ ಕೇಳಿದ ಒಬುರಾ ದೋಣಿಯನ್ನು ದಡಕ್ಕೆ ಹಚ್ಚಿ ಏದುಸಿರು ಬಿಡುತ್ತ ಓಡಿಬಂದ. ಅಂಗಿಯ ಇಸ್ತ್ರಿ ಕೆಟ್ಟಿರಲಿಲ್ಲ.

"ನಿಲ್ಲಿಸ್ರೋ! ಬದುಕಿದ್ದೀನಿ!"

ರಾಬುರು ಕಾಯಿ ಬಿಡಲಿಲ್ಲ. "ಇಷ್ಟು ದಿನ ನೀರಲ್ಲೇ ಇದ್ದೆಯಲ್ಲಣ್ಣ, ಫೋನೇ ಹೇಳ್ತು. ಈಗ ನಿನ್ನ ನಂಬೋದಾ, ಅದನ್ನ ನಂಬೋದಾ?"

"ಎಲೋ ದಡ್ಡ! ಬಯಲಲ್ಲಿದ್ರೆ ಮೇಲಿನ ಉಪಗ್ರಹಗಳು ಸಿಗುತ್ವೆ, ಚುಕ್ಕಿ ಸರಿಯಾಗಿ ಕೂರುತ್ತೆ. ತಗಡಿನ ಛಾವಣಿ ಕೆಳಗೆ ಅವು ಸಿಗಲ್ಲ. ಆಗ ಬರೀ ಟವರ್ ಆಸರೆ. ಅದು ಮುಖ ಮಾಡಿರೋ ಕಡೆ ಎಲ್ಲೋ ಇದಾನೆ ಅಂತ ದೊಡ್ಡ ವೃತ್ತ ಬರೆದು, ಚುಕ್ಕೀನ ಮಧ್ಯಕ್ಕಿಟ್ಟು ಕೈ ತೊಳ್ಕೊಳ್ಳುತ್ತೆ. ವೃತ್ತ ನೋಡ್ಬೇಕು ಕಣೋ! ದ್ವೀಪಾನೂ ಅದರೊಳಗೇ ಇದೆ!"

ಎಷ್ಟು ಚೆನ್ನಾಗಿ ವಿವರಿಸಿದ! ನನಗೂ ಅರ್ಥವಾಯಿತು. ಅಜ್ವಾಂಗ್‌ಗಂತೂ ಪೂರ್ತಿ ಅರ್ಥವಾಯಿತು.

"ನಮ್ಮ ದೋಣಿಗೆ ತಗಡಿನ ಛಾವಣಿ ಯಾವಾಗ ಹಾಕಿಸಿದೆ?" ಎಂದಳು.

ಒಬುರಾ ಆಕಾಶದತ್ತ ಕೈ ತೋರಿಸಿದ.

"ಮಳೆ ಬಂತು ಅಂತ..."

"ಇಷ್ಟು ದಿನ ಮಳೆಯಾ? ಯಾರ ಮನೇಲಿ ನೆಂದೆ?"

ಮೊದಲು ನಕ್ಕವಳು ನಾನೇ.

ಅಜ್ವಾಂಗ್ ನಗಲಿಲ್ಲ. ಮೈದುನನ ಕೈಯಿಂದ ಕಾಯಿ ಕಸಿದುಕೊಂಡು ತಾನೇ ಗುಂಡಿಗಿಳಿಸಿದಳು, ಎರಡೂ ಕೈಯಿಂದ ಮಣ್ಣು ಎಳೆದಳು. ಒಬುರಾ "ಅಯ್ಯೋ, ಅಯ್ಯೋ" ಎನ್ನುತ್ತಾ ಬೇಲಿಯಾಚೆಗೆ ಸರಿದು ನಿಂತ. ರಾಬುರು ಮಾತ್ರ ಮುಖ ಅರಳಿಸಿಕೊಂಡು ಅತ್ತಿಗೆಯ ಪಕ್ಕಕ್ಕೆ ಬಂದ.

ಅವಳು ಕೈಯ ಮಣ್ಣು ಕೊಡವಿದಳು. "ನೀನೂ ಹೊರಡು. ದೋಣಿ ಮುಟ್ಟಿದ್ರೆ ಇನ್ನೊಂದು ಕಾಯಿ ತರಿಸ್ತೀನಿ."