ಎರಡನೆಯ ಜಾಗದ ದನಿ

ನಮ್ಮ ಮನೆಯವರ ಹೆಸರು ಭುಜಂಗ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಬರೆಯಬಾರದು ಎಂದೇನೂ ಹೇಳಿರಲಿಲ್ಲ. ಇಂಡಿ ಕಡೆಯಿಂದ ಪುಣೆಗೆ ಬಂದು ನಿಗಡಿಯಲ್ಲಿ ಮನೆ ಮಾಡಿದ್ದೆವು. ಇವರು ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದರು. ರಜೆ ಬಂತೆಂದರೆ ಕರೆಂಟಿನ ಗಿಟಾರು ಹೆಗಲಿಗೇರಿಸಿ ಅಪ್ಪಾಸಾಹೇಬರ ಆರ್ಕೆಸ್ಟ್ರಾಕ್ಕೆ ಹೊರಡುತ್ತಿದ್ದರು. ಮದುವೆಯಿರಲಿ, ಗಣಪತಿಯ ಪೆಂಡಾಲಿರಲಿ, ಕರೆದಲ್ಲಿಗೆಲ್ಲ ಹೋಗುವುದೇ. ಕಾರ್ಖಾನೆ ಹೊಟ್ಟೆಪಾಡು, ಗಿಟಾರೇ ಪ್ರಾಣ. ಇದನ್ನು ನಾನು ಮದುವೆಯಾದ ವರ್ಷವೇ ಅರಿತು ಸುಮ್ಮನಾಗಿದ್ದೆ.

ಆ ಗಿಟಾರಿನ ತಂತಿಗಳ ಕೆಳಗೆ ಮೂರು ಪಿಕಪ್ಪುಗಳಿರುತ್ತವೆ. ಪಿಕಪ್ಪು ಎಂದರೆ ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿ ಸುತ್ತಿದ ಕಾಯಿಲ್ಲು. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಯಾವುದು ಮಾತಾಡಬೇಕು, ಯಾವುದು ಸುಮ್ಮನಿರಬೇಕು ಎನ್ನುವುದನ್ನು ಒಂದು ಸ್ವಿಚ್ಚು ನೋಡಿಕೊಳ್ಳುತ್ತದೆ. ಇವರ ಹಳೆಯ ಸ್ವಿಚ್ಚಿಗೆ ಮೂರೇ ಜಾಗ, ಒಂದೊಂದು ಜಾಗಕ್ಕೆ ಒಂದೊಂದು ಪಿಕಪ್ಪು. ಇವರಿಗೋ ಎರಡು ಪಿಕಪ್ಪು ಕೂಡಿ ಮಾತಾಡುವ ದನಿಯೇ ಬೇಕು. ಅದಕ್ಕೆ ಸ್ವಿಚ್ಚಿನ ಹಿಡಿಯನ್ನು ನಡುವೆ ನಿಲ್ಲಿಸಿ ಬೆಂಕಿಕಡ್ಡಿ ಸಿಗಿಸುತ್ತಿದ್ದರು. ದೌಂಡದ ಒಂದು ಮದುವೆಯಲ್ಲಿ ಹಾಡಿನ ನಡುವೆಯೇ ಕಡ್ಡಿ ಹಾರಿಹೋಗಿ, ಮದುಮಗನೇ ಬಗ್ಗಿ ಹುಡುಕಿಕೊಟ್ಟನಂತೆ. ಕೊನೆಗೆ ಮುಂಬೈಯಿಂದ ಐದು ಜಾಗದ ಸ್ವಿಚ್ಚು ತರಿಸಿದರು. ಅದರಲ್ಲಿ ಒಂದು, ಮೂರು, ಐದಕ್ಕೆ ಬಿಡಿ ಪಿಕಪ್ಪು. ಎರಡು, ನಾಲ್ಕಕ್ಕೆ ಅಕ್ಕಪಕ್ಕದ ಜೋಡಿ; ಎರಡರಲ್ಲಿ ಒಂದನೆಯದರ ಜೊತೆ ನಡುವಿನ ಪಿಕಪ್ಪೂ ಸೇರುತ್ತದೆ. ಎರಡನೆಯ ಜಾಗ ಎಂದರೆ ಇವರಿಗೆ ಜೀವ.

ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಅಪ್ಪಾಸಾಹೇಬರು ಮನೆಗೇ ಬಂದರು. ಚಹಾ ಕುಡಿದು, ಗೊಣಗಿ, ಕಡೆಗೆ ಹೇಳಿದರು. "ಭುಜಂಗಾ, ನಿನ್ನ ಗಿಟಾರ ಇತ್ತಿತ್ಲಾಗ ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ಯಾದ. ಮಂದಿ ನನ್ನ ಬೈತಾರ. ಸುಧಾರಸು, ಇಲ್ಲಾಂದ್ರ ನಾ ಕೀಬೋರ್ಡಿನ ಮ್ಯಾಲೇ ನಡಸಬೇಕಾಗ್ತದ."

ಇವರು ತಪ್ಪನ್ನು ಪಿಕಪ್ಪಿನ ಮೇಲೆ ಹಾಕಿದರು. ಹೊಸವನ್ನು ತಾವೇ ಸುತ್ತುವುದೆಂದು ಹಟ ಹಿಡಿದು, ನಾನು ಬ್ಲೌಸು ಹೊಲಿಯುವ ಮೆಷಿನ್ನಿನ ಗಾಲಿಗೆ ಏನೋ ಕಟ್ಟಿ, ತಿಂಗಳುಗಟ್ಟಲೆ ತಂತಿ ಸುತ್ತಿದರು. ಓಣಿಯ ಹೆಂಗಸರು ಬ್ಲೌಸು ಕೇಳಿ ಕೇಳಿ ಬೇರೆ ದರ್ಜಿಯನ್ನು ಹಿಡಿದರು. ತಂತಿ ಹರಿಯುತ್ತಿತ್ತು, ಇವರು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಸಿಟ್ಟು ಬರುತ್ತಿತ್ತು ನನಗೆ. ಆದರೆ ಆ ಕೈಗಳನ್ನು ನೋಡುತ್ತ ಕೂತರೆ ಬೈಯಲು ಮನಸ್ಸಾಗುತ್ತಿರಲಿಲ್ಲ.

ಸಿಟ್ಟಿಗಿಂತ ದೊಡ್ಡದೊಂದು ಅಂಜಿಕೆ ಆಗಲೇ ನನ್ನೊಳಗೆ ಹೊಕ್ಕಿತ್ತು. ನಮ್ಮ ಬಾಗಿಲ ಗಂಟೆ ಹಕ್ಕಿಯ ಹಾಗೆ ಕಿಚಿಕಿಚಿ ಎನ್ನುವಂಥದು. ನಾನು ಕಾಯಿಪಲ್ಯ ಹಿಡಿದು ಹೊರಗೆ ನಿಂತು ಒತ್ತೇ ಒತ್ತುತ್ತಿದ್ದೆ, ಇವರು ಒಳಗೆ ಪೇಪರ್ ಓದುತ್ತ ಕೂತಿರುತ್ತಿದ್ದರು. ಮೊದಲು ಸೋಮಾರಿ ಎಂದು ಬೈದೆ. ಬಾಗಿಲು ಬಡಿದರೆ ಮಾತ್ರ ತಟ್ಟನೆ ಎದ್ದು ಬರುತ್ತಾರೆ ಎಂಬುದು ಗಮನಕ್ಕೆ ಬಂದ ದಿನ ನನ್ನ ಬೈಗುಳ ನಿಂತಿತು. ಅಷ್ಟು ವರ್ಷ ಆ ಪ್ರೆಸ್ಸಿನ ಗದ್ದಲದ ಮುಂದೆ ನಿಂತ ಕಿವಿಗಳು ಅವು; ಸಣ್ಣ ಚೂಪು ದನಿ ಅವಕ್ಕೆ ತಾಗುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹೊಸ ಪಿಕಪ್ಪುಗಳನ್ನು ಸ್ವಿಚ್ಚಿಗೆ ಬೆಸೆದು ಬಾರಿಸಿದರು. ಒಂದನೆಯ ಜಾಗ, ಎರಡನೆಯ ಜಾಗ, ಮತ್ತೆ ಒಂದು, ಮತ್ತೆ ಎರಡು. ಮುಖ ಕಪ್ಪಿಟ್ಟಿತು.

"ಎರಡೂ ಒಂದೇ ಅವ" ಎಂದರು. "ನಡುವಿನ ಕಾಯಿಲ್ಲು ಸತ್ತದ."

ಬೆಸುಗೆ ಬಿಚ್ಚಿ ಮತ್ತೆ ಹಾಕಿದರು. ಮೀಟರ್ ಹಿಡಿದು ನೋಡಿದರು. ಅದರ ಮುಳ್ಳು, ಕಾಯಿಲ್ಲು ಸರಿಯಿದೆ ಎಂದೇ ತೋರಿಸಿತು. "ಮೀಟರಿಗೇನು ಸಂಗೀತ ತಿಳೀತದ?" ಎಂದು ಅದನ್ನು ಪಕ್ಕಕ್ಕೆ ಒಗೆದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಷ್ಟರಲ್ಲಿ ಇವರು ನಡುವಿನ ಪಿಕಪ್ಪನ್ನು ಹೊರಗೆ ತೆಗೆದು, ಸುತ್ತನ್ನು ಕತ್ತರಿಸಿ ಹಾಕಲು ನನ್ನದೇ ಕತ್ತರಿ ಎತ್ತಿಕೊಂಡರು. ತಿಂಗಳುಗಟ್ಟಲೆಯ ಕೆಲಸ.

"ಕಡೀಬ್ಯಾಡ್ರಿ. ಕಾಯಿಲ್ಲು ಬರೋಬರಿ ಅದ."

"ನಿನಗೇನ ಗೊತ್ತಾಗ್ತದ?"

"ಒಂದಕ್ಕೂ ಎರಡಕ್ಕೂ ಫರಕ್ ಅದರಿ. ಭಾಳ ಅದ. ನನಗ ಕೇಳಸ್ತದ, ನಿಮಗ ಕೇಳಸವಲ್ದು." ಅರ್ಧಕ್ಕೆ ನಿಲ್ಲಿಸಿದರೆ ಮುಂದೆ ಎಂದೂ ಹೇಳಲಾರೆ ಎನಿಸಿತು. "ಕೆಟ್ಟಿದ್ದು ಗಿಟಾರ ಅಲ್ರಿ, ನಿಮ್ಮ ಕಿವಿ."

ಕತ್ತರಿ ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ದನಿಯನ್ನು ಚೂಪು ಮಾಡುವ ಟ್ರೆಬಲ್ ತಿರುಪನ್ನು ಮುಟ್ಟಿ ನೋಡಿ, "ಅದಕ್ಕ ಟ್ರೆಬಲ್ ಏರಸಿ ಏರಸಿ ಬಾರಸಾಕತ್ತಿದ್ನೇನು ನಾ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ, "ಅಪ್ಪಾಸಾಹೇಬಗ ನಾನೇ ಹೋಗಿ ಹೇಳ್ತೀನಿ. ಇನ್ನ ಆರ್ಕೆಸ್ಟ್ರಾ ಬ್ಯಾಡ" ಎಂದರು.

ಪಿಕಪ್ಪನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ ಬೆಸೆದರು. ಸ್ವಿಚ್ಚನ್ನು ಎರಡಕ್ಕೆ ತಂದು ತಂತಿ ಮೀಟಿ ಕೇಳಿದರು, "ಹೇಳು. ಹೆಂಗ ಅದ?"

ನನಗೆ ಸಂಗೀತದ ಗಂಧವಿಲ್ಲ. ತೋಚಿದ್ದನ್ನು ಹೇಳಿದೆ. "ಖಾಲಿ ಕೊಡದ ಬಾಯಿಗೆ ಮುಖ ಇಟ್ಟು ಯಾರೋ ಮೆಲ್ಲಕ ಕರದಂಗ ಅದರಿ."

"ಒಂಚೂರು ಮೂಗಿನಾಗ?"

"ಹೌದ್ರಿ. ಒಂಚೂರು ಮೂಗಿನಾಗ."

"ಅದೇ. ಅದೇ ಬೇಕಾಗಿತ್ತು ನನಗ" ಎಂದರು. ಕಣ್ಣು ತುಂಬಿತ್ತು, ಆದರೂ ನಕ್ಕರು. "ಬಂದದ ಹಂಗಾರ."

ದೀಪ ಹಚ್ಚುವ ಹೊತ್ತಿನವರೆಗೂ ಬಾರಿಸಿದರು, ಬರೀ ಎರಡನೆಯ ಜಾಗದಲ್ಲಿ. ನಾನು ಎದುರಿಗೆ ಕೂತಿದ್ದೆ. ಒಂದೊಂದು ಸಲ ತಂತಿ ಮೀಟಿದಾಗಲೂ ಕಣ್ಣೆತ್ತಿ ನನ್ನ ಮುಖ ನೋಡುತ್ತಿದ್ದರು.