ಚೆಂಡು ಕುಣಿಸುತ್ತಿದ್ದ ಆಪಾ

ರಾಗಿಗುಡ್ಡದಲ್ಲಿ ನಮ್ಮ ಎದುರುಮನೆಯಲ್ಲಿ ಬಟ್ಟೆ ಹೊಲಿಯುವವರೊಬ್ಬರು ಇದ್ದರು. ಇಡೀ ಬೀದಿಗೆ ಅವರು ಆಪಾ, ಅಂದರೆ ಅಕ್ಕ. ಕತ್ತಿನಲ್ಲಿ ಸದಾ ಅಳತೆಯ ಟೇಪು, ತುಟಿಗಳ ನಡುವೆ ಗುಂಡುಸೂಜಿ. ಉಳಿದ ತುಂಡುಗಳನ್ನೆಲ್ಲ ಜೋಡಿಸಿ ಜಮಖಾನದಷ್ಟು ದೊಡ್ಡ ಬಟ್ಟೆಯೊಂದನ್ನು ಹೊಲಿದಿದ್ದರು. ಸಂಜೆ ಮಕ್ಕಳೆಲ್ಲ ಅದರ ಅಂಚು ಹಿಡಿದು ಚೆಂಡು ಕುಣಿಸಬೇಕು. ಇಪ್ಪತ್ತು ಸಲ ಬೀಳದಂತೆ ಹಾರಿಸಿದರೆ ಎಲ್ಲರೂ ಗೆದ್ದಂತೆ. ಬಿದ್ದರೆ, ತಪ್ಪು ಯಾರದೆಂದು ಜಗಳ ಶುರುವಾಗುತ್ತಿತ್ತು. ಆಪಾ ಬಾಯಿಂದ ಸೂಜಿ ತೆಗೆದು, "ಎಲ್ರೂ ಬೀಳಿಸಿದ್ದು ಕಣ್ರೋ, ಎಲ್ರೂ ಎತ್ತಿ," ಎನ್ನುತ್ತಿದ್ದರು.

ಆಗ ನನಗೂ ಪಕ್ಕದ ಮನೆಯವಳಿಗೂ ಮಾತಿರಲಿಲ್ಲ. ನಲ್ಲಿ ನೀರಿನ ಪೈಪಿನ ವಿಷಯಕ್ಕೆ ಮುನಿಸಿಕೊಂಡು ಮೂರು ತಿಂಗಳಾಗಿತ್ತು. ಒಂದು ಸಂಜೆ ಮಕ್ಕಳು ಕಡಿಮೆ ಇದ್ದರೆಂದು ಆಪಾ ನಮ್ಮಿಬ್ಬರನ್ನೂ ಕರೆದು ಎದುರುಬದುರು ನಿಲ್ಲಿಸಿಬಿಟ್ಟರು. ಮಕ್ಕಳ ಮುಂದೆ ಒಲ್ಲೆ ಎನ್ನಲು ನಾಚಿಕೆ. ನಾನೊಂದು ಕಡೆ, ಅವಳೊಂದು ಕಡೆ ಎಳೆದು, ಚೆಂಡು ಮೂರನೇ ಸಲಕ್ಕೇ ಚರಂಡಿ ಸೇರಿತು.

"ಅಮ್ಮ, ಆಂಟಿ ಮುಖ ನೋಡ್ಕೊಂಡು ಎತ್ತು!" ಎಂದು ನನ್ನ ಮಗಳು ಗದರಿದಳು.

ನೋಡಿದೆ. "ಈಗ ಎತ್ತೋಣ್ವಾ?" ಎಂದೆ.

"ಹ್ಞೂಂ, ಎತ್ತು ಮಾರಾಯ್ತಿ," ಎಂದಳು.

ಇಪ್ಪತ್ತಾದಾಗ ಮಕ್ಕಳಿಗಿಂತ ಜೋರಾಗಿ ನಾವೇ ಕೂಗಿದ್ದೆವು. ಮಕ್ಕಳು ನೀರು ಕುಡಿಯಲು ಓಡಿದರು. "ಸಾಕೇನ್ರಮ್ಮ?" ಎಂದು ಆಪಾ ಬಟ್ಟೆ ಮಡಚಲು ಬಂದರು. ನಾವಿಬ್ಬರೂ ಇನ್ನೂ ಅಂಚು ಬಿಟ್ಟಿರಲಿಲ್ಲ.