ಗಿಳಿ ಬಿಲ್ಲೆ

ಗುಂಡಿ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದೆ. ಗೋಡೆಗೆ ಕಾಗದ ಹಚ್ಚಬೇಕು, ಗುಂಡುಪಿನ್ನು ಇದ್ದರೆ ಕೊಡಜ್ಜಿ ಎಂದು ಮೊಮ್ಮಗಳು ಕೇಳಿದ್ದಳು. ತನ್ನ ಇಬ್ಬರು ಚಿಕ್ಕ ಮಕ್ಕಳಿಗೆ ಈ ವರ್ಷ ಮನೆಯಲ್ಲೇ ಪಾಠ ಹೇಳುತ್ತೇನೆಂದು ಹಟ ಹಿಡಿದಿದ್ದಾಳೆ. ಯಾವ ಹೊತ್ತಿಗೆ ಏನು ಎಂಬುದನ್ನು ಬಣ್ಣದ ಪೆನ್ನುಗಳಲ್ಲಿ ಬರೆದು ಮುಗಿಸಿದ್ದಳು. ಪಿನ್ನು ಸಿಗಲಿಲ್ಲ. ಡಬ್ಬಿಯ ತಳದಿಂದ ತಗಡಿನ ದುಂಡು ಬಿಲ್ಲೆಯೊಂದು ಬೆರಳಿಗೆ ಬಂತು. ಹಳೆಯ ರೂಪಾಯಿಗಿಂತ ತುಸು ದೊಡ್ಡದು, ಮೇಲೊಂದು ತೂತು, ನಡುವೆ ಮೊಳೆಯಿಂದ ಗೀರಿದ ಹಕ್ಕಿ. ತುಕ್ಕಿನ ವಾಸನೆ ಕೈಗೆ ಹತ್ತಿತು. ನೋಡಿದವರು ಅದನ್ನು ಕಾಗೆ ಅನ್ನಬಹುದು. ಆದರೆ ಗೀರಿದವರು ಗಿಳಿ ಅಂದಿದ್ದರು, ಹಾಗಾಗಿ ಅದು ಗಿಳಿಯೇ...

ಅವರು ನಮ್ಮ ಪಕ್ಕದ ಮನೆಯವರು. ನಾನು ಅವರನ್ನು ಅಣ್ಣಾರು ಎನ್ನುತ್ತಿದ್ದೆ. ಹರಿಹರದಿಂದ ದಾವಣಗೆರೆಗೆ ಸೊಸೆಯಾಗಿ ಬಂದ ಹೊಸದು, ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಗಂಡನ ಕಡೆಯ ನೆಂಟರಿಗಿಂತ ಮೊದಲು ನನಗೆ ಪರಿಚಯವಾದದ್ದು ಹತ್ತಿ ಮಿಲ್ಲಿನ ಕೂಗು. ನಮ್ಮ ಓಣಿಯಲ್ಲಿ ಗಡಿಯಾರ ಇದ್ದ ಮನೆ ಕಡಿಮೆ. ಕೂಗು ಕೇಳಿ ಏಳುವುದು, ಕೂಗು ಕೇಳಿ ಒಲೆ ಹಚ್ಚುವುದು. ಅಣ್ಣಾರು ಆ ಮಿಲ್ಲಿನ ಟೈಮಾಫೀಸಿನಲ್ಲಿ ಗುಮಾಸ್ತರು. ಕೂಲಿಕಾರರ ಹಾಜರಿ ಹಿಡಿಯುವುದು ಅವರ ಕೆಲಸ. ಅಲ್ಲಿ ಒಂದು ಉದ್ದನೆಯ ಹಲಗೆ, ಅದರ ತುಂಬ ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತಂತೆ. ಒಳಗೆ ಹೋಗುವವರು ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಪಾಳಿ ಮುಗಿಸಿ ಹೊರಡುವಾಗ ತಿರುಗಿ ಮೊಳೆಗೆ ಹಾಕಬೇಕು. ಬಿಲ್ಲೆ ಮೊಳೆಯ ಮೇಲಿದ್ದರೆ ಆಳು ಇಲ್ಲ, ಮೊಳೆ ಖಾಲಿ ಇದ್ದರೆ ಆಳು ಒಳಗಿದ್ದಾನೆ ಎಂದು ಲೆಕ್ಕ. ಇದನ್ನು ಅವರು ನಮ್ಮ ಜಗಲಿಯಲ್ಲಿ ಕೂತು ಎಷ್ಟೋ ಸಲ ಹೇಳಿದ್ದರು. ಹೇಳಿದ್ದನ್ನೇ ಹೇಳುವ ಚಾಳಿ ಅವರಿಗಿತ್ತು, ಪಾಪ.

ಅವರ ಹೆಂಡತಿ ನಾಲ್ಕನೆಯ ಬಾಣಂತನದಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಉಳಿದದ್ದು ಮೂರು ಮಕ್ಕಳು. ದೊಡ್ಡವಳು ಮೂರನೇ ತರಗತಿ, ನಡುವಿನವನು ಒಂದನೇ ತರಗತಿ, ಚಿಕ್ಕವಳಿಗೆ ಇನ್ನೂ ಮಾತು ತೊದಲು. ಸಾಯುವ ಮುಂಚೆ ಆಕೆ ನಮ್ಮತ್ತೆಯ ಎದುರೇ ಗಂಡನ ಕೈ ಹಿಡಿದು, "ಮೂರನ್ನೂ ಅಗಲಿಸಬ್ಯಾಡ್ರಿ, ದೊಡ್ಡಾಕಿ ಓದು ಬಿಡಿಸಬ್ಯಾಡ್ರಿ" ಅಂದಿದ್ದಳು. ಅಷ್ಟೇ ಅಂದದ್ದು. ಆ ಎರಡು ಮಾತಿಗೆ ಆ ಮನುಷ್ಯ ಪಟ್ಟ ಪಾಡು ನೋಡಿದವಳು ನಾನು.

ದೊಡ್ಡವಳು ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಶಾಲೆಗೆ ಹೋದಳು. ಮೇಷ್ಟ್ರು ಒಂದಷ್ಟು ದಿನ ಸಹಿಸಿಕೊಂಡರು. ಒಂದು ದಿನ ಆ ಕೂಸು ಮೇಷ್ಟ್ರ ಕುರ್ಚಿ ಪಕ್ಕದಲ್ಲೇ ಉಚ್ಚೆ ಹೊಯ್ದು ಅದರಲ್ಲೇ ಆಡುತ್ತ ಕೂತಿತಂತೆ. ಇದು ದೊಡ್ಡದಾದ ಮೇಲೆ ಬಾರಮ್ಮ ಎಂದು ಕಳಿಸಿಬಿಟ್ಟರು. ಅವರದು ತಪ್ಪೆನ್ನಲಾರೆ. ಅಕ್ಕ ಹೋಗದಿದ್ದರೆ ನಾನೂ ಹೋಗಲ್ಲ ಎಂದು ನಡುವಿನವನು ಕಂಬ ತಬ್ಬಿಕೊಂಡು ನಿಂತ. ಅಲ್ಲಿಗೆ ಮೂವರ ಶಾಲೆಯೂ ಮುಗಿಯಿತು.

ಸುದ್ದಿ ನಂದಿಗುಡಿಗೆ ಮುಟ್ಟಿತು. ಅದು ಹೆಂಡತಿಯ ತವರು. ಅವಳ ತಾಯಿ ಬಂದು, ಗಂಡಸು ಒಬ್ಬನೇ ಮೂರು ಮಕ್ಕಳನ್ನು ಸಾಕಿದ್ದನ್ನು ಎಲ್ಲೂ ಕಂಡಿಲ್ಲ ಎಂದರು. ದೊಡ್ಡವಳು ನನ್ನ ಹತ್ತಿರ ಇರಲಿ, ಹುಡುಗ ಮಲೆಬೆನ್ನೂರಿನಲ್ಲಿ ದೊಡ್ಡಮ್ಮನ ಮನೆಗೆ ಹೋಗಲಿ, ಚಿಕ್ಕವಳನ್ನು ಹರಿಹರದ ಚಿಕ್ಕಮ್ಮ ಸಾಕುತ್ತಾಳೆ, ಅವಳಿಗೆ ಮಕ್ಕಳಿಲ್ಲ ಎಂದು ಹಂಚಿ ಹೇಳಿದರು. ಮುದುಕಿ ಕೆಟ್ಟವಳಲ್ಲ. ಮಗಳನ್ನು ಮಣ್ಣು ಮಾಡಿ ಬಂದವಳು, ಮೊಮ್ಮಕ್ಕಳಾದರೂ ಬದುಕಲಿ ಎಂಬ ಸಂಕಟ. ಅಣ್ಣಾರು ಕೈ ಮುಗಿದರು.

"ಚಿಕ್ಕಾಕಿ ಶಾಲೆಗೆ ಸೇರೋ ಮಟ ನಾನೇ ಮನೆಯಾಗ ಓದಿಸ್ತೀನಿ. ನಿಮ್ಮ ಮಗಳಿಗೆ ಮಾತು ಕೊಟ್ಟೀನ್ರೀ."

"ಆತಪ್ಪ. ದೀಪಾವಳಿ ಹೊತ್ತಿಗೆ ಬಂದು ನೋಡ್ತೀನಿ" ಅಂದು ಮುದುಕಿ ಹೋದರು.

ಮರುದಿನವೇ ಅಣ್ಣಾರು ಮಿಲ್ಲಿನಿಂದ ಗೆರೆ ಹಾಕಿದ ದೊಡ್ಡ ಕಾಗದ ತಂದು ನಮ್ಮ ಜಗಲಿಯಲ್ಲಿ ಕೂತರು. ನಾನು ಮಿಡ್ಲ್ ಸ್ಕೂಲು ಓದಿದವಳೆಂದು ಓಣಿಗೆಲ್ಲ ಗೊತ್ತಿತ್ತು. ನಮ್ಮತ್ತೆ ಹೊಸ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು, ನಾನು ಅವರ ಬೆನ್ನ ಹಿಂದೆ.

"ತಂಗಿ, ಶಾಲೆಯಾಗ ಮೊದ್ಲು ಲೆಕ್ಕ ಮಾಡಿಸ್ತಾರೋ, ಕನ್ನಡನೋ?"

"ಮೊದ್ಲು ಪ್ರಾರ್ಥನೆ, ಅಣ್ಣಾರೆ."

ಅವರು ಗಂಭೀರವಾಗಿ ಮೇಲೆ ಪ್ರಾರ್ಥನೆ ಎಂದು ಬರೆದರು. ಆಮೇಲೆ ಮಗ್ಗಿ, ಓದು, ಕಾಪಿ ಬರೆಯುವುದು, ಕಸ ಗುಡಿಸುವುದು, ಆಟ, ನಿದ್ದೆ. ಹೆಣ್ಣುಮಕ್ಕಳ ಜಡೆ ಹಾಕಲು ಕೂಡ ಒಂದು ಹೊತ್ತು. ಆಗ ಅವರು ಬಾಗಿಲ ಚಿಲಕಕ್ಕೆ ಮೂರು ಹಗ್ಗ ಕಟ್ಟಿಕೊಂಡು ಜಡೆ ಹೆಣೆಯುವುದನ್ನು ಕಲಿಯುತ್ತಿದ್ದರು! ತೊಂದರೆ ಬೇರೆಯೇ ಇತ್ತು. ಅವರಿಗೂ ಪಾಳಿ. ಈ ವಾರ ಬೆಳಗಿನದು, ಮುಂದಿನ ವಾರ ಮಧ್ಯಾಹ್ನದ್ದು, ಅದರಾಚೆ ರಾತ್ರಿಯದು. ಅಪ್ಪನ ಪಾಳಿ ಬದಲಾದಂತೆ ಮಕ್ಕಳ ಶಾಲೆಯೂ ಬದಲಾಗಬೇಕು. ಹಾಗಾಗಿ ಒಂದಲ್ಲ, ಮೂರು ಕಾಗದ ತಯಾರಾದವು. ಭಾನುವಾರ ಸಂಜೆ ಹಳೆಯದು ಕಿತ್ತು ಹೊಸದನ್ನು ಗಂಜಿ ಹಚ್ಚಿ ಗೋಡೆಗೆ ಅಂಟಿಸುವರು. ಮಕ್ಕಳನ್ನು ಪಾಳಿಗೆ ಹಚ್ಚುವ ಯೋಚನೆ ಮಿಲ್ಲಿನವರಿಗಲ್ಲದೆ ಮತ್ತ್ಯಾರಿಗೆ ಬಂದೀತು?

ಬಿಲ್ಲೆಗಳೂ ಆಗಲೇ ಆದವು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಅಂಚು ಉಜ್ಜಿ, ಚಿಕ್ಕವಳಿಗೆ ಅಂಕಿ ಓದಲು ಬರುವುದಿಲ್ಲವೆಂದು ಚಿತ್ರ ಗೀರಿದರು. ದೊಡ್ಡವಳಿಗೆ ಮಾವಿನಕಾಯಿ, ಹುಡುಗನಿಗೆ ಗಾಳಿಪಟ, ಚಿಕ್ಕವಳಿಗೆ ಗಿಳಿ. ಗೋಡೆಯ ಮೇಲೊಂದು ಹಲಗೆ, ಮೂರು ಮೊಳೆ. ಪಾಠಕ್ಕೆ ಕೂರುವಾಗ ಬಿಲ್ಲೆ ತೆಗೆದು ಕೊರಳಿಗೆ ಹಾಕಿಕೊಳ್ಳಬೇಕು, ಪಾಠ ಬಿಟ್ಟ ಮೇಲೆ ಮೊಳೆಗೆ. ಶಾಲೆಯ ಗಂಟೆಗೆಂದು ಊಟದ ತಾಟನ್ನು ಸೌಟಿನಿಂದ ಬಡಿಯುತ್ತಿದ್ದರು. "ಮಂದಿ ಉಣ್ಣಾಕೆ ತಾಟು ಬಡಿದ್ರೆ ಇವ್ರು ಓದಾಕೆ ಬಡೀತಾರೆ" ಎಂದು ನಮ್ಮತ್ತೆ ನಗುತ್ತಿದ್ದರು. ನಾವೆಲ್ಲ ನಕ್ಕೆವು. ಆಗ ನಗೆಯೇ ಬಂದಿತ್ತು.

ಓದೇನೋ ಸಾಗಿತು. ದೊಡ್ಡವಳು ಶಾಲೆಯಲ್ಲಿದ್ದಾಗಿನದಕ್ಕಿಂತ ಚುರುಕಾದಳು. ಆದರೆ ಉಳಿದದ್ದೆಲ್ಲ ಅಣ್ಣಾರ ಕೈ ಮೀರುತ್ತಿತ್ತು. ಒಂದು ವಾರ ಕಲಿತ ರೂಢಿ ಮುಂದಿನ ವಾರ ನಿಲ್ಲುತ್ತಿರಲಿಲ್ಲ. ಮಗ್ಗಿಯ ಹೊತ್ತಿಗೆ ಚಿಕ್ಕವಳಿಗೆ ನಿದ್ದೆ, ನಿದ್ದೆಯ ಹೊತ್ತಿಗೆ ಆಟ. ಹುಡುಗ ಪಾಠದ ನಡುವೆ ಎದ್ದು ಅವ್ವ ಮಲಗುತ್ತಿದ್ದ ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಅದಕ್ಕೆ ಯಾವ ಕಾಗದದಲ್ಲೂ ಹೊತ್ತು ಬರೆದಿರಲಿಲ್ಲ. ಆಗ ಅಣ್ಣಾರು ಸೌಟು ಕೈಯಲ್ಲೇ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದರು. ಬೈಯುವುದೂ ತಿಳಿಯದು, ಸಮಾಧಾನ ಮಾಡುವುದೂ ತಿಳಿಯದು. ರೊಟ್ಟಿ ಪಲ್ಯ ಮಾತ್ರ ದಿನವೂ ನಮ್ಮ ಮನೆಯಿಂದ ಹೋಗುತ್ತಿತ್ತು. ಕೊಟ್ಟೆವೆಂಬ ಮಾತೇ ಇರಲಿಲ್ಲ, ಗೋಡೆಯಾಚೆ ಬುಟ್ಟಿ ದಾಟಿಸುವುದು, ಅಷ್ಟೆ.

ದೀಪಾವಳಿಗೆ ಇನ್ನೂ ದಿನವಿರುವಾಗಲೇ ಮುದುಕಿ ಬಂದರು, ಮಗನನ್ನು ಕರೆದುಕೊಂಡು. ಭತ್ತದ ಕೆಲಸ ಶುರುವಾದರೆ ಬರಲಾಗುವುದಿಲ್ಲ ಎಂದು ಮೊದಲೇ ಹೊರಟಿದ್ದರು. ಬಂದದ್ದು ನಡುಮಧ್ಯಾಹ್ನ. ಅದು ರಾತ್ರಿ ಪಾಳಿಯ ವಾರ. ಆ ವಾರದಲ್ಲಿ ಮಕ್ಕಳು ರಾತ್ರಿ ನಮ್ಮ ಪಡಸಾಲೆಯಲ್ಲಿ ಮಲಗಿ, ಅಪ್ಪ ಬೆಳಗಿನ ಕೂಗಿಗೆ ಬಂದ ಕೂಡಲೇ ಎದ್ದು ಪಾಠಕ್ಕೆ ಕೂರುತ್ತಿದ್ದರು. ಪಾಠ ಮುಗಿಸಿ ಅಪ್ಪನ ಜೊತೆಗೆ ತಾವೂ ಮಲಗುವರು. ಕಾಗದದಲ್ಲಿ ಹಾಗೇ ಬರೆದಿತ್ತು. ಮುದುಕಿ ಬಾಗಿಲು ನೂಕಿದಾಗ ಕಂಡದ್ದು ತಣ್ಣಗಾದ ಒಲೆ, ಹಾಡುಹಗಲಿನಲ್ಲಿ ಒಂದೇ ಚಾಪೆಯ ಮೇಲೆ ಸತ್ತಂತೆ ಬಿದ್ದ ಅಪ್ಪ ಮತ್ತು ಮೂರು ಮಕ್ಕಳು. ಅವರು ಚೀರಿದ್ದಕ್ಕೆ ನಾವು ಓಡಿ ಹೋದೆವು.

ಅಣ್ಣಾರು ಕಣ್ಣುಜ್ಜಿಕೊಂಡು ಎದ್ದು ಪಾಳಿಯ ಲೆಕ್ಕ ಹೇಳತೊಡಗಿದರು. ಭಾವಮೈದುನ ಮುಖ ತಿರುಗಿಸಿದ. ಆಗ ಅಣ್ಣಾರಿಗೆ ಒಂದೇ ದಾರಿ ಹೊಳೆಯಿತು. ದೊಡ್ಡವಳನ್ನು ಗೋಡೆಯ ಮುಂದೆ ನಿಲ್ಲಿಸಿದರು. "ಓದವ್ವಾ. ನಿಮ್ಮಜ್ಜಿಗೆ ಕೇಳೋ ಹಂಗೆ ಓದು."

ಹುಡುಗಿ ಕೊರಳಿಗೆ ಬಿಲ್ಲೆ ಹಾಕಿಕೊಂಡು, ತಮ್ಮನಿಗೂ ತಂಗಿಗೂ ಅವರವರದನ್ನು ಹಾಕಿ, ಕೈಕಟ್ಟಿ ನಿಂತು ಓದಿದಳು. ಪ್ರಾರ್ಥನೆಯಿಂದ ಹಿಡಿದು ಕೊನೆಯ ಸಾಲಿನವರೆಗೆ, ಒಂದು ಒತ್ತಕ್ಷರ ತಪ್ಪಲಿಲ್ಲ. ಅಣ್ಣಾರ ಮುಖ ಅರಳಿತು. ನಾನು ಆ ಮುಖ ಅಷ್ಟು ಅರಳಿದ್ದು ನೋಡಿದ್ದು ಅದೇ ಮೊದಲು. ಮುದುಕಿಯೂ ಒಂದು ಗಳಿಗೆ ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದರು. ಆಮೇಲೆ ಮೊಮ್ಮಗಳ ತಲೆ ಸವರಿ ಮೆಲ್ಲಗೆ ಕೇಳಿದರು.

"ಎಲ್ಲಾ ಓದಿದೆ, ನನ್ನವ್ವ. ಊಟ ಎಲ್ಲೈತೆ ಅದ್ರಾಗ?"

ಹುಡುಗಿ ತಿರುಗಿ ನೋಡಿದಳು. ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದಳು. ಸುಳ್ಳು ಹೇಳಲು ಬಾರದ ಮಗು ಅದು. "ಬರ್ದಿಲ್ಲಜ್ಜಿ" ಅಂದಳು.

ಮಿಲ್ಲಿನಲ್ಲಿ ಊಟದ ಬಿಡುವನ್ನು ಹಾಜರಿಗೆ ಹಿಡಿಯುವುದಿಲ್ಲ. ಆ ಕೂಗಿಗೂ ಈ ಕೂಗಿಗೂ ನಡುವೆ ಜಾಗ ಖಾಲಿ ಬಿಡುವುದು ಅಲ್ಲಿನ ಪದ್ಧತಿ. ವರ್ಷಗಟ್ಟಲೆ ಹಾಗೆ ಬಿಟ್ಟು ಬಿಟ್ಟು ಅಣ್ಣಾರ ಕೈಗೆ ಅದೇ ರೂಢಿ. ಜಡೆಯನ್ನು ಬರೆದ ಮನುಷ್ಯ ಊಟ ಬರೆದಿರಲಿಲ್ಲ. ಓಡಿ ಹೋಗಿ ಕಾಗದದ ಮೇಲೆ ಬೆರಳಿಟ್ಟರು. "ಇಲ್ನೋಡ್ರಿ... ಇಲ್ಲಿ ಖಾಲಿ ಐತಲ್ರೀ, ಇದೇ ಊಟ." ಓದಲು ಬಾರದ ಮುದುಕಿಗೆ ಖಾಲಿ ಜಾಗ ತೋರಿಸಿ ಇದೇ ಊಟ ಎಂದರೆ ಏನೆಂದುಕೊಂಡಾರು? ಅವರು ಸೆರಗು ಬಾಯಿಗೆ ಒತ್ತಿಕೊಂಡರು.

ತಡೆಯಲಾರದೆ ನಮ್ಮತ್ತೆ ಬಾಯಿ ಹಾಕಿದರು. "ಉಪವಾಸ ಇಲ್ರೀ ಯಮ್ಮ. ದಿನಾ ನಾವೇ ರೊಟ್ಟಿ ಕೊಡ್ತೀವಿ." ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ, ಹಾಗಾಯಿತು.

"ನನ್ನ ಮಗಳ ಮಕ್ಳು ಮಂದಿ ಮನೆ ರೊಟ್ಟಿ ತಿಂದು ಬದುಕ್ಯಾವಾ?" ಎಂದು ಮುದುಕಿ ಅಲ್ಲೇ ಕುಸಿದು ಕೂತು ಅತ್ತರು. ಯಾರ ಮೇಲೂ ಸಿಟ್ಟಿನಿಂದಲ್ಲ. ಭಾವಮೈದುನ ಮಕ್ಕಳ ಬಟ್ಟೆ ಗಂಟು ಕಟ್ಟಿದ. ಅಣ್ಣಾರು ತಡೆಯಲೂ ಇಲ್ಲ, ಕಟ್ಟಲು ಕೈ ಹಚ್ಚಲೂ ಇಲ್ಲ. ಗೋಡೆಗೆ ಒರಗಿ ನಿಂತಿದ್ದರು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಹೊರಗಿನವರ ಮನೆಯ ಸೊಸೆ, ಅಲ್ಲಿ ನನ್ನ ಮಾತು ಯಾವ ಲೆಕ್ಕಕ್ಕೂ ಇರಲಿಲ್ಲ.

ಹೊರಡುವಾಗ ದೊಡ್ಡವಳು ತನ್ನ ಬಿಲ್ಲೆ ತೆಗೆದು ಮೊಳೆಗೆ ಹಾಕಿದಳು. ಹುಡುಗನೂ ಹಾಕಿದ. ಯಾರೂ ಹೇಳಿರಲಿಲ್ಲ, ಅದು ಶಾಲೆಯ ನಿಯಮ. ಚಿಕ್ಕವಳು ಆಗಲೇ ಮಾವನ ಹೆಗಲ ಮೇಲಿದ್ದಳು, ಮೊಳೆ ಎಟುಕಲಿಲ್ಲ. ಬಾಗಿಲು ದಾಟುವಾಗ ಬಗ್ಗಿ ನನ್ನ ಕೈಯಲ್ಲಿ ತುರುಕಿ, "ಅತ್ತೆ, ಹಾಕು" ಅಂದಳು. ಹರಿಹರದ ಬಸ್ಸಿಗೆ ಹೊತ್ತಾಯಿತೆಂದು ಅವರು ಸರಸರ ಹೋದರು...

ನಾನು ಒಳಗೆ ಬಂದು ಹಲಗೆಯ ಕಡೆ ಕೈ ಎತ್ತಿದೆ. ಅಣ್ಣಾರು ತಡೆದರು.

"ಬ್ಯಾಡ ತಂಗಿ. ನಿನ್ನ ಹತ್ರಾನೇ ಇರ್ಲಿ. ಮೊಳೆ ಖಾಲಿ ಇದ್ರೆ ಆಕಿ ಒಳಗ ಅದಾಳ ಅಂತ ಲೆಕ್ಕ."

ಆಮೇಲೆ ಅವರ ಭಾನುವಾರಗಳು ಹರಿಹರದ ದಾರಿಗೆ ಮೀಸಲಾದವು. ಒಂದೇ ದಿನದಲ್ಲಿ ಮೂರೂ ಊರು ಮುಟ್ಟಲಾಗದು. ಹಾಗಾಗಿ ಒಂದು ವಾರ ನಂದಿಗುಡಿ, ಒಂದು ವಾರ ಮಲೆಬೆನ್ನೂರು, ಒಂದು ವಾರ ಹರಿಹರ. ಮಕ್ಕಳ ಮುಖ ನೋಡುವುದಕ್ಕೂ ಪಾಳಿ ಬಂತು. ಮಕ್ಕಳು ಚೆನ್ನಾಗಿ ಮೈ ತುಂಬಿಕೊಂಡಿದ್ದಾರೆ ಎಂದು ನಗುತ್ತ ಹೇಳುತ್ತಿದ್ದರು. ದೊಡ್ಡವಳು ಮತ್ತೆ ಶಾಲೆಯ ಮುಖ ಕಾಣಲಿಲ್ಲ, ಬೇಗ ಮದುವೆಯಾಯಿತು. ಚಿಕ್ಕವಳು ಹರಿಹರದ ಚಿಕ್ಕಮ್ಮನನ್ನೇ ಅವ್ವ ಎನ್ನತೊಡಗಿದಳು. ಒಂದು ಸಲ ಅಪ್ಪ ಹೋದಾಗ ಯಾರೋ ಬಂದಾರೆ ಎಂದು ಒಳಗೆ ಓಡಿದಳಂತೆ. ಅದನ್ನು ಅಣ್ಣಾರು ನಮ್ಮ ಜಗಲಿಯಲ್ಲಿ ಕೂತು ಹೇಳಿದರು. ಅದೊಂದನ್ನು ಮಾತ್ರ ಅವರು ಎರಡನೇ ಸಲ ಹೇಳಲಿಲ್ಲ.

ನಾವು ಶಾಮನೂರಿನ ಕಡೆ ಮನೆ ಕಟ್ಟಿಕೊಂಡು ಬಂದ ಮೇಲೆ ನೋಡುವುದು ಕಡಿಮೆಯಾಯಿತು. ಅವರು ತೀರಿಕೊಂಡ ಸುದ್ದಿ ಎಲ್ಲ ಮುಗಿದ ಮೇಲೆ ಸಿಕ್ಕಿತು. ಮಕ್ಕಳು ಮೂವರೂ ಅಂದು ಬಂದಿದ್ದರಂತೆ. ಒಟ್ಟಿಗೆ.

"ಅಜ್ಜೀ, ಎಲ್ಲ ಸರಿ ಐತಾ ನೋಡು" ಎಂದು ಮೊಮ್ಮಗಳು ಕಾಗದ ಹಿಡಿದಳು. ಕನ್ನಡಕ ಏರಿಸಿ ನಾನು ಮೊದಲು ಹುಡುಕಿದ್ದು ಊಟ. ಇತ್ತು, ಹಸಿರು ಬಣ್ಣದಲ್ಲಿ, ಎರಡು ಕಡೆ. ಸರಿ ಐತೆ ಅಂದೆ. ನನ್ನ ಕೈಯಲ್ಲಿದ್ದ ಬಿಲ್ಲೆ ಅವಳ ಕಣ್ಣಿಗೆ ಬಿತ್ತು. "ಎಷ್ಟು ಚೆಂದ ಐತಿದು! ಕಾಗದದ ಪಕ್ಕ ಒಂದು ಮೊಳೆ ಹೊಡೆದು ತೂಗು ಹಾಕ್ಲಾ?"

"ಮೊಳೆಗೆ ಬ್ಯಾಡ" ಅಂದೆ. ಯಾಕೆ ಎಂದು ಕೇಳಿದಳು. ಗಿಳಿಯನ್ನು ಸೆರಗಿನಲ್ಲಿ ಒರೆಸಿ, ತಿರುಗಿ ಡಬ್ಬಿಯೊಳಗೆ ಇಟ್ಟೆ.